ಕೊನೆಯ ನೂರು ಗಜ

ಮೂರನೆಯ ಸಲ ಯಾರೋ ಆರ್ಡಿಸಳ ಕೈಯಿಂದ ಕಾಫಿ ಕೆಟಲ್ಲು ಕಿತ್ತುಕೊಂಡರು. "ಇವತ್ತೊಂದು ದಿನ ಸುಮ್ನೆ ಕೂತ್ಕೊಳ್ಳಿ ಅಂದ್ರೆ ಕೇಳಲ್ವಲ್ಲ ನೀವು!"

ಗಂಡ ಎಲ್ರಾಯ್‌ನನ್ನು ಮಣ್ಣು ಮಾಡಿ ಬಂದು ಇನ್ನೂ ಒಂದು ಗಂಟೆಯಾಗಿರಲಿಲ್ಲ. ಇಪ್ಪತ್ತೆಂಟು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿದ ಕೈ ಅದು, ಖಾಲಿ ಲೋಟ ಕಂಡರೆ ಸುಮ್ಮನಿರುತ್ತಿರಲಿಲ್ಲ. ಈಗ ಮಾಡಲು ಕೆಲಸವಿಲ್ಲದೆ ಅವಳು ಚರ್ಚಿನ ನೆಲಮಾಳಿಗೆಯಲ್ಲಿ ಮಡಿಸುವ ಕುರ್ಚಿಯೊಂದರ ಮೇಲೆ ಕೂತು ಎಲ್ರಾಯ್‌ನ ಗುಣಗಾನ ಕೇಳಬೇಕಾಯಿತು. ಕಾಫಿ ಬಗ್ಗಿಸುವುದೇ ಎಷ್ಟೋ ವಾಸಿಯಿತ್ತು.

ಗುಣಗಾನ ಮಾಡುತ್ತಿದ್ದವನು ಡ್ವೇನ್. ಆರೂಕಾಲು ಅಡಿ ಆಳು, ಅಯೋವಾದವನು. ಹತ್ತು ವರ್ಷದಿಂದ ಚಳಿಗಾಲದ ಕ್ಯಾಂಪುಗಳಲ್ಲಿ, ಪಿಕಪ್ಪಿಗೆ ಕಟ್ಟಿ ಎಳೆದೊಯ್ಯುವ ಅವನ ಮನೆ-ಟ್ರೇಲರ್ ಇವರ ಟ್ರೇಲರಿನ ಆಸುಪಾಸಿನಲ್ಲೇ ನಿಲ್ಲುತ್ತಿತ್ತು. ಸುದ್ದಿ ಕೇಳಿದವನೇ ಬಸ್ಸು ಹತ್ತಿ ಬಂದಿದ್ದ. ಒಂದು ಕೈಯಲ್ಲಿ ಹ್ಯಾಮ್ ಬನ್ನು, ಇನ್ನೊಂದು ಕೈಯಲ್ಲಿ ಗಾಳಿಯ ಸ್ಟೇರಿಂಗು.

"ಎದೆನೋವು ಶುರುವಾಗಿದೆ. ಬೆನ್ನ ಹಿಂದೆ ಮೂವತ್ತಡಿ ಟ್ರೇಲರು. ಬೇರೆ ಯಾವನಾದ್ರೂ ಆಗಿದ್ರೆ ರಸ್ತೆ ಪಕ್ಕಕ್ಕೆ ಹಾಕಿ ದೇವರೇ ಗತಿ ಅಂತಿದ್ದ. ನಮ್ಮ ಎಲ್ರಾಯ್? ನಲವತ್ತು ಮೈಲಿ ಓಡಿಸ್ಕೊಂಡು ಬಂದು, ಆಸ್ಪತ್ರೆ ಎದುರಿಗೆ, ಇದೇ ಚರ್ಚಿನ ಅಂಗಳದಲ್ಲಿ, ಬಿಳಿ ಗೆರೆ ಹಿಡಿದು ನೆಟ್ಟಗೆ ನಿಲ್ಲಿಸಿದಾನೆ! ಹೋಗಿ ನೋಡಿ, ಇನ್ನೂ ಅಲ್ಲೇ ಇದೆ. ಚಕ್ರ ಒಂದು ಬೆರಳು ಆಕಡೆ ಈಕಡೆ ಆಗಿಲ್ಲ!"

"ಮೂವತ್ತನಾಲ್ಕು ವರ್ಷ ಹಾಲಿನ ಟ್ಯಾಂಕರ್ ಓಡಿಸಿದ ಕೈ ಅಲ್ವಾ," ಎಂದು ಪಕ್ಕದ ಮೇಜಿನ ಮುದುಕರೊಬ್ಬರು ತಲೆದೂಗಿದರು.

ಬೆಳಿಗ್ಗೆ ಪಾದ್ರಿ ಕೂಡ ಪೀಠದ ಮೇಲೆ ನಿಂತು ಇದೇ ಕತೆ ಹೇಳಿದ್ದರು. ಸಾಯುವ ಹೊತ್ತಿನಲ್ಲೂ ಹೆಂಡತಿಯನ್ನು ಕ್ಷೇಮವಾಗಿ ದಡ ಸೇರಿಸಿದ ಗಂಡ ಎಂದಾಗ ಮುಂದಿನ ಸಾಲಿನಲ್ಲಿ ನಾಲ್ಕಾರು ಕರವಸ್ತ್ರ ಹೊರಬಂದವು. ಆರ್ಡಿಸ್ ತನ್ನ ಬೂಟಿನ ತುದಿ ನೋಡುತ್ತ ಕೂತಿದ್ದಳು.

ಆ ನಲವತ್ತು ಮೈಲಿ ಓಡಿಸಿದವಳು ಆರ್ಡಿಸ್. ಅದಕ್ಕೂ ಮುಂಚಿನ ಆರು ವರ್ಷ, ಅರಿಝೋನಾದ ಮರಳಿನಿಂದ ಮಿಷಿಗನ್ನಿನ ಸೇಬಿನ ತೋಟಗಳವರೆಗೆ, ರಾಕಿ ಬೆಟ್ಟಗಳ ಆ ಇಳಿಜಾರುಗಳಲ್ಲೆಲ್ಲ ಓಡಿಸಿದವಳೂ ಅವಳೇ. ಇದು ಗೊತ್ತಿದ್ದವರು ಲೋಕದಲ್ಲಿ ಇಬ್ಬರೇ, ಅವರಲ್ಲೊಬ್ಬನನ್ನು ಈಗಷ್ಟೇ ಮಣ್ಣಿಗಿಟ್ಟು ಬಂದಿದ್ದಾಯಿತು.

ಮಗಳು ರೋಂಡಾ ತಟ್ಟೆ ತಂದು ಅಮ್ಮನ ಮುಂದಿಟ್ಟು ಪಕ್ಕದಲ್ಲಿ ಕೂತಳು. ಮೂರು ದಿನದಿಂದ ನಿದ್ದೆಯಿಲ್ಲದೆ ಎಲ್ಲ ವ್ಯವಸ್ಥೆ ನೋಡಿದವಳು ಅವಳೇ, ಮುಖ ಬಾಡಿಹೋಗಿತ್ತು.

"ತಿನ್ನು. ಆಮೇಲೆ ಪಿಕಪ್ಪಿನ ಬೀಗದಕೈ ಡ್ವೇನ್‌ಗೆ ಕೊಟ್ಬಿಡು. ಟ್ರೇಲರು, ಪಿಕಪ್ಪು ಎರಡೂ ಇವತ್ತೇ ತಗೊಂಡು ಹೋಗ್ತಾರೆ. ಅವರ ಊರ ಹತ್ರ ಮಾರೋರು ಇದಾರಂತೆ."

"ನಾನಿನ್ನೂ ಮಾರ್ತೀನಿ ಅಂದಿಲ್ಲ."

"ಅಮ್ಮ, ಅಂಗಳದಲ್ಲಿ ಅಡ್ಡ ನಿಂತಿದೆ. ಬೆಳಿಗ್ಗೆ ಅಪ್ಪನ ಪೆಟ್ಟಿಗೆ ತಂದ ಗಾಡಿ ಅದನ್ನ ಸುತ್ತಿಕೊಂಡು ಬರಬೇಕಾಯ್ತು, ನೋಡ್ದೆ ತಾನೆ? ನೀನು ನಮ್ಮನೇಲಿ ಇರ್ತೀಯ. ಮೇಲಿನ ರೂಮಿಗೆ ಹೊಸ ಪರದೆ ಹಾಕಿಸಿದೀನಿ."

"ಪರದೆ ಯಾರು ಕೇಳಿದ್ರು?"

"ಇಟ್ಕೊಂಡು ಏನ್ಮಾಡ್ತೀಯ ಹೇಳು. ನೀನು ಓಡಿಸ್ತೀಯಾ? ನನ್ನ ಪುಟ್ಟ ಕಾರಲ್ಲಿ ಅಂಗಡಿಗೆ ಹೋಗಿ ಬರೋದ್ರೊಳಗೆ ಬೆವರು ಒರೆಸ್ಕೋತೀಯ. ಆ ಪಿಕಪ್ಪಿನ ಸ್ಟೇರಿಂಗು ಯಾವತ್ತಾದ್ರೂ ಮುಟ್ಟಿದೀಯಾ?"

ಮೇಜಿನ ಸುತ್ತ ಇದ್ದವರು ಮೆಲ್ಲಗೆ ನಕ್ಕರು. ಕೆಟ್ಟ ನಗೆಯಲ್ಲ, ಪ್ರೀತಿಯದ್ದೇ. ಮಗಳ ಕಾರಿನಲ್ಲಿ ಹೋದಾಗ ಬೆವರು ಒರೆಸಿಕೊಳ್ಳುವ ನಾಟಕ ಅವಳು ಎಲ್ರಾಯ್‌ಗಾಗಿಯೇ ಕಲಿತದ್ದು. ಒಂದು ಮಾತು ಹೇಳಿದರೆ ಸಾಕಿತ್ತು, ಬೀಗದಕೈ ಅವಳದೇ ಆಗುತ್ತಿತ್ತು. ಆದರೆ ಸಂಜೆಯೊಳಗೆ ಎಲ್ರಾಯ್ ಹಾಗನ್ ಈ ಊರಿನ ನಗೆಪಾಟಲಾಗುತ್ತಿದ್ದ. ಅವಳಿಗೆ ಹೋಗಬೇಕಿತ್ತು. ಹಿಂದೆಂದೂ ಮಲಗದ ಜಾಗದಲ್ಲಿ ಎದ್ದು, ಬಾಗಿಲು ತೆಗೆದು, ಇವತ್ತು ಬೆಟ್ಟ ಯಾವ ಕಡೆಗಿದೆ ಎಂದು ನೋಡಬೇಕಿತ್ತು. ಹೊಸ ಪರದೆಯ ಹಿಂದೆ ಕೂತು ಮಗಳ ಹುಲ್ಲುಹಾಸು ನೋಡುತ್ತ ಸಾಯುವುದು ಅವಳಿಗೆ ಬೇಡವಾಗಿತ್ತು.

ಬನ್ನಿನ ಅಂಚು ಮುರಿದು ಬಾಯಿಗಿಟ್ಟುಕೊಂಡಳು.

*

ಆರು ವರ್ಷದ ಹಿಂದೆ, ವಯೋಮಿಂಗಿನ ಯಾವುದೋ ಸಣ್ಣ ಊರಿನ ಹೊರಗೆ, ಎಲ್ರಾಯ್ ಗಾಡಿ ನಿಧಾನ ಮಾಡಿ ಕೇಳಿದ್ದ: "ಸಿಗ್ನಲ್ ದೀಪ ಯಾವ ಬಣ್ಣ?"

ತಮಾಷೆ ಅಂದುಕೊಂಡಳು. ಎರಡನೆಯ ದೀಪಕ್ಕೂ ಕೇಳಿದ. ಮೂರನೆಯದಕ್ಕೆ ಅವಳು ಉತ್ತರ ಕೊಡಲಿಲ್ಲ, "ಪಕ್ಕಕ್ಕೆ ಹಾಕು" ಅಂದಳು.

"ಮಧ್ಯದಲ್ಲಿ ಏನೂ ಇಲ್ಲ ಆರ್ಡಿಸ್," ಅಂದ. "ಸುತ್ತ ಎಲ್ಲ ಕಾಣುತ್ತೆ. ನಿನ್ನ ಕಿವಿ ಕಾಣುತ್ತೆ, ಮುಖ ಕಾಣಲ್ಲ." ಅವಳ ಮುಖ ನೋಡಬೇಕಾದರೆ ಅವನು ಅವಳ ಪಕ್ಕದ ಗಾಜನ್ನು ನೋಡಬೇಕಿತ್ತು. ಆವತ್ತು ಹಾಗೇ ಗಾಜು ನೋಡುತ್ತ ಅತ್ತ.

ಮನೆ ಮಾರಿ ಟ್ರೇಲರ್ ಕೊಂಡು ಆಗಿನ್ನೂ ನಾಲ್ಕು ವರ್ಷ. ಡಾಕ್ಟರು ಕೈಚೆಲ್ಲಿದರು. ವಾಪಸ್ಸು ಹೋಗುವುದಕ್ಕೆ ಮನೆಯಿರಲಿಲ್ಲ, ಹೋಗುವ ಮನಸ್ಸು ಇಬ್ಬರಿಗೂ ಇರಲಿಲ್ಲ. ನರಪಿಳ್ಳೆಯಿಲ್ಲದ ರಸ್ತೆಗಳಲ್ಲಿ ಎಲ್ರಾಯ್ ಅವಳಿಗೆ ಕಲಿಸಿದ. ಇಳಿಜಾರಿನಲ್ಲಿ ಗೇರು ಯಾವುದು, ಗಾಳಿ ಪಕ್ಕದಿಂದ ಹೊಡೆದರೆ ಏನು ಮಾಡಬೇಕು, ದೊಡ್ಡ ಲಾರಿ ದಾಟಿ ಹೋಗುವಾಗ ಟ್ರೇಲರು ಹೇಗೆ ಎಳೆಯುತ್ತದೆ. ಕಣ್ಣು ಹೋದರೂ ಸದ್ದಿನಲ್ಲೇ ಅವಳ ತಪ್ಪು ಹಿಡಿಯುತ್ತಿದ್ದ. ಎರಡು ತಿಂಗಳಲ್ಲಿ ಅವಳು ಪಳಗಿದಳು. ಎಪ್ಪತ್ತನೆಯ ವಯಸ್ಸಿಗೆ ತಾನು ಏನೋ ಒಂದು ಆಗಿದ್ದೇನೆ ಎನ್ನಿಸಿ ಒಳಗೊಳಗೇ ಹಿಗ್ಗಿದಳು ಕೂಡ.

ತೊಡಕಾದದ್ದು ಕ್ಯಾಂಪುಗಳಲ್ಲಿ. ಸಂಜೆಯಾದರೆ ಅಲ್ಲಿ ಗಂಡಸರಿಗೆಲ್ಲ ಒಂದೇ ಮನರಂಜನೆ. ಮಡಿಸುವ ಕುರ್ಚಿ ಹಾಕಿಕೊಂಡು, ಬಿಯರು ಹಿಡಿದು, ಹೊಸದಾಗಿ ಬಂದವರು ಟ್ರೇಲರನ್ನು ಹಿಂದುಹಿಂದಕ್ಕೆ ತೆಗೆದು ಜಾಗಕ್ಕೆ ಕೂಡಿಸುವುದನ್ನು ನೋಡುವುದು. ಯಾವನು ಒಂದೇ ಸಲಕ್ಕೆ ಕೂಡಿಸಿದ, ಯಾವನು ಹೆಂಡತಿಯ ಮೇಲೆ ಕೂಗಾಡಿದ, ಯಾವನು ನೀರಿನ ನಲ್ಲಿ ಮುರಿದ, ಎಲ್ಲ ರಾತ್ರಿಯೊಳಗೆ ಕ್ಯಾಂಪಿಗೆಲ್ಲ ಗೊತ್ತು. ಆ ಕುರ್ಚಿಗಳ ಮುಂದೆ ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತು ಬರುವುದು ಎಲ್ರಾಯ್‌ನಿಂದ ಆಗಲಿಲ್ಲ.

"ಕೊನೆಯ ನೂರು ಗಜ ನನಗೆ ಬಿಡು," ಎಂದು ಬೇಡಿಕೊಂಡ. "ಬೇರೆ ಏನೂ ಕೇಳಲ್ಲ. ಮತ್ತೆ ಇದನ್ನ ಯಾರಿಗೂ ಹೇಳಬೇಡ. ನಾನು ಸತ್ತ ಮೇಲೂ ಬೇಡ."

ಹಾಗಾಗಿ ಗೇಟು ಇನ್ನೇನು ಬಂತು ಅನ್ನುವಾಗ ಸೀಟು ಬದಲಾಯಿಸುತ್ತಿದ್ದರು. ಅವನು ಸ್ಟೇರಿಂಗಿಗೆ, ಅವಳು ವಾಕಿಟಾಕಿ ಹಿಡಿದು ಹಿಂದಕ್ಕೆ. "ಎಡಕ್ಕೆ ಒಂದು ಚೂರು. ಇನ್ನೊಂದು ಚೂರು. ಸಾಕು. ನೆಟ್ಟಗೆ ಬಾ. ಬಾ. ಬಾ. ನಿಲ್ಲು!" ಅವಳ ಬಾಯೇ ಅವನ ಕಣ್ಣು. ಒಂದೇ ಸಲಕ್ಕೆ ಟ್ರೇಲರು ಪೆಟ್ಟಿಗೆಗೆ ಮುಚ್ಚಳ ಕೂತಂತೆ ಕೂರುತ್ತಿತ್ತು. ಕುರ್ಚಿಗಳಿಂದ ಚಪ್ಪಾಳೆ ಬರುತ್ತಿತ್ತು. ಅದರ ಹಿಂದೆಯೇ ಅವಳಿಗೆ ಕೇಳಿಸುವಷ್ಟು ಗಟ್ಟಿಯಾಗಿ, "ಎಂಥ ಡ್ರೈವರು! ಆದ್ರೂ ನೋಡು, ಆ ಹೆಂಗಸಿನ ಬಾಯಿಗೆ ಬೀಗ ಇಲ್ಲ, ಪಾಪ," ಎಂಬ ಮಾತೂ ಬರುತ್ತಿತ್ತು. ಒಮ್ಮೆ ಮರದ ಬೆಂಚೊಂದು ಪುಡಿಯಾಯಿತು. ಹೆಂಡತಿಯ ಗಲಾಟೆಗೆ ಎಲ್ರಾಯ್‌ನ ಗಮನ ತಪ್ಪಿತು ಎಂದು ಎಲ್ಲರೂ ತೀರ್ಮಾನಿಸಿದರು.

ಇದು ಮಾಡಬಾರದ ಕೆಲಸವೆಂದು ಅವಳಿಗೆ ಗೊತ್ತಿತ್ತು. ಪ್ರತಿ ಸಲ ಸುತ್ತಮುತ್ತ ಮಕ್ಕಳು ಮರಿ ಇಲ್ಲವೆಂದು ಎರಡು ಸುತ್ತು ನೋಡಿಯೇ ಬಾಯಿ ತೆಗೆಯುತ್ತಿದ್ದಳು. ಗಾಡಿಯಿಂದ ಇಳಿದಾಗ ಅವನ ಮುಖದಲ್ಲಿರುತ್ತಿದ್ದ ಖುಷಿ ನೋಡಿದ ಮೇಲೆ ಬೇಡ ಅನ್ನಲು ನಾಲಗೆ ಏಳುತ್ತಿರಲಿಲ್ಲ.

*

"ಎಲ್ರಾಯ್ ಇಳಿದು ನಿಂತಿದ್ದು ನಾನೇ ಕಣ್ಣಾರೆ ನೋಡಿದ್ದು," ಎಂದು ಮೇಜಿನ ತುದಿಯಲ್ಲಿದ್ದ ನರ್ಸು ಹೇಳುತ್ತಿದ್ದಳು. ಆಸ್ಪತ್ರೆಯಿಂದ ಅವಳೂ ಬಂದಿದ್ದಳು. "ಡ್ರೈವರ್ ಬಾಗಿಲ ಹತ್ರ, ಹಿಡಿ ಹಿಡ್ಕೊಂಡು. ನೀವೇ ಓಡಿಸ್ಕೊಂಡು ಬಂದ್ರಾ ಅಂತ ನನಗೆ ನಂಬೋಕೇ ಆಗ್ಲಿಲ್ಲ."

ಆರ್ಡಿಸ್ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ, ಬಿಚ್ಚಿ, ಮತ್ತೆ ಮಡಿಸಿದಳು.

*

ಹಿಂದಿನ ಶನಿವಾರ. ಎದೆಯ ಮೇಲೆ ಯಾರೋ ಕೂತ ಹಾಗಿದೆ ಎಂದು ಅವನು ಹೇಳಿದ್ದೇ ತಡ, ಅವಳು ಆಕ್ಸಿಲರೇಟರಿನ ಮೇಲೆ ಒತ್ತಿದ ಕಾಲನ್ನು ಈ ಊರಿನ ಆಸ್ಪತ್ರೆ ಕಾಣುವವರೆಗೆ ಎತ್ತಲಿಲ್ಲ. "ನಿಧಾನ," ಎಂದು ಅವನು ಹಲ್ಲು ಕಚ್ಚಿಕೊಂಡೇ ಹೇಳಿದ. "ಬಾಲ ಅಲ್ಲಾಡ್ತಿದೆ, ಕೇಳಿಸ್ತಿಲ್ವಾ?"

ಆಸ್ಪತ್ರೆಯ ಬಾಗಿಲಿಗೆ ಇಷ್ಟುದ್ದದ ಗಾಡಿ ಹೋಗುವಂತಿರಲಿಲ್ಲ. ಎದುರಿನ ಚರ್ಚಿನ ಅಂಗಳಕ್ಕೆ ನುಗ್ಗಿಸಿ, ಬೇಲಿಗೆ ಮೂತಿ ತಾಗುವಷ್ಟು ಹತ್ತಿರ ನಿಲ್ಲಿಸಿ, ರಸ್ತೆ ದಾಟಿ ಓಡಿದಳು. ಗಾಲಿಕುರ್ಚಿ, ನರ್ಸು ಎಲ್ಲ ಕರೆದುಕೊಂಡು ಬಂದಾಗ ಅವನ ಸೀಟು ಖಾಲಿ.

ಎಲ್ರಾಯ್ ಗಾಡಿಯ ಮೂತಿ ಹಿಡಿದುಕೊಂಡು, ಬೇಲಿಯ ಸಂದಿಯಲ್ಲಿ ತೂರಿಕೊಂಡು, ಸುತ್ತಿ ಬಂದು ಡ್ರೈವರ್ ಬಾಗಿಲಿಗೆ ಒರಗಿ ನಿಂತಿದ್ದ. ಹನ್ನೆರಡು ಹೆಜ್ಜೆ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. "ನೀವೇ ಓಡಿಸ್ಕೊಂಡು ಬಂದ್ರಾ?" ಎಂದು ನರ್ಸು ಕೇಳಿದಾಗ ಅವನು ಆರ್ಡಿಸಳ ಪಕ್ಕದ ಗಾಳಿಯನ್ನು ನೋಡಿದ. ಅಂದರೆ ಅವಳನ್ನೇ ನೋಡಿದ.

"ಹೌದು," ಅಂದಳು ಆರ್ಡಿಸ್. "ಅವನೇ."

ಮಾರನೆಯ ಮಧ್ಯಾಹ್ನ ಹೋಗಿಬಿಟ್ಟ. ಆ ಹನ್ನೆರಡು ಹೆಜ್ಜೆ ನಡೆಯದಿದ್ದರೆ ಉಳಿಯುತ್ತಿದ್ದನೇ ಎಂದು ಡಾಕ್ಟರನ್ನು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಬಂದದ್ದು ಸಿಟ್ಟು. ಐವತ್ತೊಂದು ವರ್ಷ ಸಂಸಾರ ಮಾಡಿದವಳಿಗಿಂತ, ಕುರ್ಚಿ ಹಾಕಿಕೊಂಡು ಕೂರುವ ಆ ಗಂಡಸರೇ ಹೆಚ್ಚಾದರೇ ಇವನಿಗೆ? ಪೆಟ್ಟಿಗೆಯ ಮೇಲೆ ಹಿಡಿ ಮಣ್ಣು ಹಾಕುವಾಗಲೂ ಆ ಸಿಟ್ಟು ಆರಿರಲಿಲ್ಲ.

*

ಮೂರು ಗಂಟೆಗೆ ಅವಳು ಕೈಚೀಲದಿಂದ ಬೀಗದಕೈ ತೆಗೆದು ಡ್ವೇನ್‌ನ ಅಂಗೈಯಲ್ಲಿಟ್ಟಳು. ಎಲ್ರಾಯ್‌ಗೆ ಮಾತು ಕೊಟ್ಟಾಗಿತ್ತು, ಇನ್ನೇನು ಮಾಡಲೂ ತೋಚಲಿಲ್ಲ. ಅವನ ಹಿಂದೆಯೇ ಅಂಗಳಕ್ಕೆ ನಡೆದಳು. ಏಪ್ರಿಲ್ಲಿನ ಗಾಳಿ ಇನ್ನೂ ತಣ್ಣಗಿತ್ತು.

ಡ್ವೇನ್ ಬಾಗಿಲು ತೆಗೆದು ಒಂದು ಕಾಲಿಟ್ಟು ಮೈ ತೂರಿಸಿದ. ಮಂಡಿ ಸ್ಟೇರಿಂಗಿಗೆ ಬಡಿಯಿತು. "ಅಯ್ಯಪ್ಪಾ!" ಸೀಟು ಪೂರ್ತಿ ಮುಂದಕ್ಕಿತ್ತು, ಅದರ ಮೇಲೆ ದಪ್ಪ ದಿಂಬು ಬೇರೆ. ಮಂಡಿ ಉಜ್ಜಿಕೊಳ್ಳುತ್ತ ಉದ್ದ ಕನ್ನಡಿಗಳತ್ತ ನೋಡಿದ. ಟ್ರೇಲರು ಹಿಂದಿರುವಾಗ ಮಾತ್ರ ಹೊರಗೆಳೆಯುವ ಕನ್ನಡಿಗಳು ಅವು. ಎಡಗಡೆಯದರಲ್ಲಿ ಅವನಿಗೆ ಕಂಡದ್ದು ಬರೀ ನೆಲ. ಬಲಗಡೆಯದರಲ್ಲೂ ನೆಲ. ಎರಡೂ ಯಾರೋ ಗಿಡ್ಡ ಆಳಿನ ಕಣ್ಣಿಗೆ ಹೊಂದಿಸಿದ್ದವು, ಎಲ್ರಾಯ್ ಗಿಡ್ಡನಾಗಿರಲಿಲ್ಲ.

ಅವನು ಬೀಗದಕೈ ತಿರುಗಿಸಲಿಲ್ಲ. ಬಾಗಿಲ ಪಕ್ಕ ನಿಂತಿದ್ದ ಐದಡಿಯ ಆರ್ಡಿಸಳನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಎಷ್ಟು ವರ್ಷದಿಂದ?" ಎಂದು ಮೆಲ್ಲಗೆ ಕೇಳಿದ.

"ಆರು."

"ಕಣ್ಣಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಮತ್ತೆ ನಮ್ಮ ಮುಂದೆ ಎಲ್ಲಾ ಕಡೆ ಹಿಂದಕ್ಕೆ ತೆಗೀತಿದ್ದವನು..."

"ಅವನೇ. ಅದು ಸುಳ್ಳಲ್ಲ. ಅದೊಂದು ಪೂರ್ತಿ ಅವನದೇ."

"ಕಾಣದೇ!" ಡ್ವೇನ್ ಸ್ಟೇರಿಂಗಿನ ಮೇಲೆ ಹಣೆಯಿಟ್ಟ. ಅವನ ಭುಜ ಅಲುಗಿತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಗೊತ್ತಾಗಲಿಲ್ಲ. "ನಿಮ್ಮನ್ನ ನಾವೆಲ್ಲ ಬಾಯಿಬಡುಕಿ ಅಂತಿದ್ವಲ್ಲ ಆರ್ಡಿಸ್."

"ಕೇಳಿಸ್ತಿತ್ತು."

ಅವನು ಇಳಿದು ಬಾಗಿಲು ಹಿಡಿದು ನಿಂತ. "ಹತ್ತಿ."

"ನನಗೆ ಹಿಂದಕ್ಕೆ ತೆಗೆಯೋಕೆ ಬರಲ್ಲ. ಒಂದೇ ಒಂದು ಸಲಾನೂ ತೆಗೆದಿಲ್ಲ."

"ನಾನು ಹಿಂದೆ ನಿಲ್ತೀನಿ. ನಮ್ಮಿಬ್ಬರಾಚೆ ಯಾರಿಗೂ ಏನೂ ಗೊತ್ತಾಗಬೇಕಾಗಿಲ್ಲ."

ಮೆಟ್ಟಿಲಿಳಿದು ಓಡಿ ಬಂದಳು ರೋಂಡಾ. "ಏನಾಗ್ತಿದೆ ಇಲ್ಲಿ? ಅಮ್ಮ ಯಾಕೆ ಅಲ್ಲಿ ಹತ್ತಿದಾಳೆ?"

"ನನ್ನ ಕಾಲು ಹಿಡಿಸ್ತಿಲ್ಲ ಕಣಮ್ಮ ಇದರಲ್ಲಿ."

"ಸೀಟು ಹಿಂದಕ್ಕೆ ತಳ್ಳಿ!"

"ತಳ್ಳಬಹುದು," ಎಂದ ಡ್ವೇನ್. "ತಳ್ಳಬಾರದು." ಅಷ್ಟು ಹೇಳಿ ಉದ್ದ ಹೆಜ್ಜೆ ಹಾಕುತ್ತ ಟ್ರೇಲರಿನ ಹಿಂದಕ್ಕೆ ಹೋದ.

ಎಂಜಿನ್ನು ಶುರುವಾದ ಸದ್ದಿಗೆ ನೆಲಮಾಳಿಗೆಯಿಂದ ಜನ ತಟ್ಟೆ ಹಿಡಿದುಕೊಂಡೇ ಮೇಲೆ ಬಂದರು. ಕಪ್ಪು ಕೋಟುಗಳು ಮೆಟ್ಟಿಲ ತುಂಬ ನಿಂತವು. ಕನ್ನಡಿಯಲ್ಲಿ ಡ್ವೇನ್‌ನ ಎರಡು ಕೈ ಮೇಲೆದ್ದವು. ಆರ್ಡಿಸ್ ಸ್ಟೇರಿಂಗು ಬಲಕ್ಕೆ ತಿರುಗಿಸಿದಳು, ಟ್ರೇಲರು ಎಡಕ್ಕೆ ಹೋಯಿತು. ಎಡಕ್ಕೆ ತಿರುಗಿಸಿದಳು, ತೀರಾ ಬಲಕ್ಕೆ ಬಾಗಿ ಪಾದ್ರಿಯ ಹೂವಿನ ಮಡಿಯ ಅಂಚು ಹತ್ತಿತು. ಮುಂದಕ್ಕೆ ತಂದಳು, ಮತ್ತೆ ಹಿಂದಕ್ಕೆ.

"ಎಲ್ರಾಯ್ ಇದ್ದಿದ್ರೆ ಒಂದೇ ಏಟಿಗೆ ತೆಗೀತಿದ್ದ," ಎಂದು ಮೆಟ್ಟಿಲ ಮೇಲಿಂದ ಯಾರೋ ಹೇಳಿದ್ದು ತೆರೆದ ಕಿಟಕಿಯಿಂದ ಸ್ಪಷ್ಟವಾಗಿ ಕೇಳಿಸಿತು. "ಹೌದಪ್ಪ, ಆ ಕೈಯೇ ಬೇರೆ."

ಆರ್ಡಿಸ್‌ಗೆ ನಗು ಬಂತು. ಐದು ದಿನದಲ್ಲಿ ಮೊದಲ ಸಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮತ್ತೆ ಸ್ಟೇರಿಂಗು ಹಿಡಿದಳು.

ನಾಲ್ಕನೆಯ ಸಲಕ್ಕೆ ಟ್ರೇಲರಿನ ಬಾಲ ಗೇಟು ದಾಟಿ ರಸ್ತೆಗೆ ಇಳಿಯತೊಡಗಿತು. ಅದೇ ಹೊತ್ತಿಗೆ ಚರ್ಚಿನಲ್ಲಿ ಬಿಟ್ಟುಹೋಗಿದ್ದ ಹೂವಿನ ಸ್ಟ್ಯಾಂಡುಗಳನ್ನು ಒಯ್ಯಲು ಬೆಳಗಿನ ಶವವಾಹನ ವಾಪಸ್ಸು ಬರುತ್ತಿತ್ತು, ಖಾಲಿ. ಕೈಕಟ್ಟಿ ನಿಂತಿದ್ದ ರೋಂಡಾ ಅದನ್ನು ನೋಡಿದಳು, ಅಮ್ಮನತ್ತ ನೋಡಿದಳು. ಆಮೇಲೆ ಅಂತ್ಯಕ್ರಿಯೆಯ ಕಪ್ಪು ಉಡುಪಿನಲ್ಲೇ ನಡುರಸ್ತೆಗೆ ಹೋಗಿ ಅಂಗೈ ಎತ್ತಿ ನಿಂತಳು. ಶವವಾಹನ ನಿಂತಿತು. ಅದರ ಎಡಗಡೆಯ ದೀಪ ಮಿಣುಕುತ್ತ, ಮಿಣುಕುತ್ತ, ಆರ್ಡಿಸ್ ಪೂರ್ತಿ ಹೊರಗೆ ಬರುವವರೆಗೆ ಕಾಯುತ್ತಿತ್ತು.