ಹಾವು ಗೋಡೆ ದಾಟಿದ ಮದುವೆ

ಅಮೆರಿಕದವರು ಗಡಿಗೆ ಹಾಕಿದ ಗೋಡೆಯಿಂದ ಉಪಯೋಗವಾಗಿದೆಯಾ ಎಂದು ಕೇಳಿಕೊಂಡು ಕ್ಯಾಮೆರಾ ಹಿಡಿದವರು ಆಗಾಗ ನಮ್ಮ ಸಾನ್ ಹಸಿಂತೊಗೆ ಬರುತ್ತಾರೆ. ಬಂದವರು ಮೊದಲು ನುಗ್ಗುವುದು ನನ್ನ ತೋರ್ತಿಯಾ ರೊಟ್ಟಿಯ ಅಂಗಡಿಗೇ, ಊರಿನಲ್ಲಿ ನೆರಳಿರುವ ಅಂಗಡಿ ಅದೊಂದೇ. ನಾನು ಎಲ್ಲರಿಗೂ ಒಂದೇ ಉತ್ತರ ಕೊಡುತ್ತೇನೆ. "ಆಗಿದೆ ಸ್ವಾಮಿ, ಚೆನ್ನಾಗೇ ಆಗಿದೆ. ನಮ್ಮಕ್ಕನ್ನ ಹನ್ನೊಂದು ವರ್ಷದಿಂದ ಮನೆಗೆ ಬರೋಕೆ ಬಿಟ್ಟಿಲ್ಲ."

ಅವರು ನಗುತ್ತಾರೆ, ಬಿಸಿ ತೋರ್ತಿಯಾ ತಿಂದು ಹೋಗುತ್ತಾರೆ. ನಾನು ಹೇಳಿದ್ದು ತಮಾಷೆಗಲ್ಲ. ನಮ್ಮಪ್ಪನ ಕಾಲದಲ್ಲಿ ಗಂಡಸರು ಕರಬೂಜದ ಕೊಯ್ಲಿಗೆ ಉತ್ತರಕ್ಕೆ ಹೋಗಿ ಕ್ರಿಸ್‌ಮಸ್ ಹೊತ್ತಿಗೆ ಮನೆ ಸೇರುತ್ತಿದ್ದರು. ಮುಳ್ಳುತಂತಿಯನ್ನು ಒಬ್ಬ ಎತ್ತಿ ಹಿಡಿದರೆ ಇನ್ನೊಬ್ಬ ನುಸುಳುತ್ತಿದ್ದ. ಆಮೇಲೆ ತಗಡು ಬಂತು, ತಗಡು ಹೋಗಿ ಉಕ್ಕಿನ ಕಂಬಗಳು ಬಂದವು. ಅವರು ಚಾಪೆಯ ಕೆಳಗೆ ತೂರಿದರೆ ನಮ್ಮವರು ರಂಗೋಲಿಯ ಕೆಳಗೆ ತೂರಿದರು, ಏಣಿ ತಂದರು, ಹಗ್ಗ ತಂದರು, ಸುರಂಗ ಕೊರೆದರು. ಆದರೆ ಅಷ್ಟು ಒದ್ದಾಡಿ ಒಳಹೊಕ್ಕವನು ಬರೀ ಕ್ರಿಸ್‌ಮಸ್ ಊಟಕ್ಕೆಂದು ಹೊರಗೆ ಬಂದಾನೆಯೇ? ಅಲ್ಲೇ ಕೂತ. ಗೋಡೆ ಹೋಗುವವರನ್ನು ಎಷ್ಟು ತಡೆಯಿತೋ ಕಾಣೆ, ವಾಪಸು ಬರುವವರನ್ನಂತೂ ತಡೆಯಿತು.

ನನ್ನ ಅಕ್ಕ ಓಬ್ದುಲಿಯಾ ಏಣಿ ಹತ್ತಿದವಳೂ ಅಲ್ಲ. ದೊಡ್ಡ ಗೇಟಿನಲ್ಲಿ ಪಾಸು ತೋರಿಸಿ, ಸ್ವಾಗತ ಹೇಳಿಸಿಕೊಂಡು ಹೋದಳು. ಆಚೆ ಇರುವ ಮಗನ ಹೆಂಡತಿಗೆ ಹೆರಿಗೆಯಿತ್ತು. ಹದಿನೈದು ದಿನದಲ್ಲಿ ಬರುತ್ತೇನೆಂದು ಮಗಳು ಅರಾಸೆಲಿಯನ್ನು ನನ್ನ ಮಡಿಲಿಗೆ ಹಾಕಿದಳು. ಸೊಸೆ ಹೆರಿಗೆಯಲ್ಲಿ ಉಳಿಯಲಿಲ್ಲ, ಕೂಸು ಉಳಿಯಿತು. ಕೂಸಿಗಾಗಿ ಅಕ್ಕ ನಿಂತಳು, ಪಾಸಿನ ಅವಧಿ ಮುಗಿಯಿತು. ಇನ್ನು ಈಚೆ ಬಂದರೆ ತಿರುಗಿ ಆಚೆ ಹೋಗುವಂತಿಲ್ಲ.

ಈ ಜುಲೈಗೆಂದು ಅರಾಸೆಲಿಗೆ ಬೇಕರಿಯ ನಾಬೊರ್ ಜೊತೆ ಮದುವೆ ಗೊತ್ತಾಯಿತು. ಹುಡುಗಿಯದು ಒಂದೇ ಹಟ.

"ಅಮ್ಮ ತಲೆ ಮೇಲೆ ಕೈಯಿಟ್ಟು ಹರಸದೆ ನಾನು ಗಂಡನ ಮನೆಗೆ ಹೋಗಲ್ಲ ಚಿಕ್ಕಮ್ಮ."

"ಆ ಗೋಡೆಯ ಜಾಲರಿಯಲ್ಲಿ ಕಿರುಬೆರಳು ಬಿಟ್ರೆ ಇನ್ನೇನೂ ತೂರಲ್ಲ ಕಣೇ. ಕಿರುಬೆರಳಲ್ಲಿ ಹರಸ್ತಾಳಾ?"

"ಅದೆಲ್ಲ ನಂಗೊತ್ತಿಲ್ಲ."

ಮೊದಲು ಕಂಬಗಳ ಸಂದಿಯಲ್ಲಿ ಕೈ ತೂರುತ್ತಿತ್ತು. ನಮ್ಮೂರ ಹೆಂಗಸರು ಅದರಲ್ಲಿ ಹಬೆಯಾಡುವ ತಮಾಲೆ ಕಡುಬುಗಳನ್ನು ದಾಟಿಸಿ ದಾಟಿಸಿ, ಕಡೆಗೆ ಸರ್ಕಾರದವರು ಉದ್ದಕ್ಕೂ ಜಾಲರಿ ಬೆಸೆದರು. ಇಡೀ ಒಂದು ದೇಶವನ್ನೇ ಹೆದರಿಸಿದ ಅಡುಗೆ ನಮ್ಮದು.

ಇಗರ್ಜಿಯ ಶಾಸ್ತ್ರ ಮುಗಿಸಿ, ಊಟ, ಕುಣಿತಗಳನ್ನು ಗೋಡೆಯ ಬುಡದ ಒಣ ಹಳ್ಳದಲ್ಲಿ ಇಟ್ಟುಕೊಂಡೆವು, ಅಕ್ಕ ಜಾಲರಿಯ ಹಿಂದಿನಿಂದಲಾದರೂ ನೋಡಲಿ ಎಂದು. ಹಳ್ಳ ಗೋಡೆಯನ್ನು ಹಾಯುವ ಜಾಗದಲ್ಲಿ ಒಂದು ಉಕ್ಕಿನ ಗೇಟಿದೆ. ಮಳೆಗಾಲ ಪೂರ್ತಿ ಅದನ್ನು ತೆರೆದಿಡುತ್ತಾರೆ. ಮುಚ್ಚಿದರೆ ನೀರು ಕಸಕಡ್ಡಿಯನ್ನೆಲ್ಲ ತಂದು ಒತ್ತಿ ಗೋಡೆಯನ್ನೇ ಮಲಗಿಸುತ್ತದೆ. ಯಾರಿಗೂ ಜಗ್ಗದ ಗೋಡೆ ಮೋಡ ಕಂಡರೆ ಬಾಯಿ ಬಿಡುತ್ತದೆ. ಆ ಬಾಯಿಗೆ ಕಾವಲಾಗಿ ಆಚೆ ಬದಿಯಲ್ಲಿ ಒಂದು ಜೀಪು, ಜೀಪಿನಲ್ಲಿ ಬೊಹೊರ್ಕೆಸ್ ಎಂಬ ಕಾವಲುಗಾರ. ಅವನ ತಾಯಿಯ ತವರು ನಮ್ಮ ಸೀಮೆಯೇ, ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಆಡುತ್ತಾನೆ. ಜಾಲರಿಯ ಪಕ್ಕ ನೀಲಿ ಗೌನು ತೊಟ್ಟು ಮಡಚುವ ಕುರ್ಚಿಯಲ್ಲಿ ಕೂತ ಅಕ್ಕನ ಕಾಗದಪತ್ರ ಕೇಳಬೇಕೆಂದು ಅವನಿಗೆ ತೋಚಲೇ ಇಲ್ಲ. ಅವನು ಕಾಯುವುದು ಬರುವವರನ್ನು, ಕೂತವರನ್ನಲ್ಲ. ಅರಾಸೆಲಿ ಅವನಿಗೂ ಒಂದು ತಟ್ಟೆ ಮಾಂಸದೂಟ ಕಳಿಸಿದ್ದಳು.

ಊಟವಾದ ಮೇಲೆ ಹಾವಿನ ಕುಣಿತ. ನಮ್ಮಲ್ಲಿ ಇದಿಲ್ಲದೆ ಮದುವೆ ಮುಗಿಯುವುದಿಲ್ಲ. ಹೆಣ್ಣು ಗಂಡು ಎರಡು ಕುರ್ಚಿಗಳ ಮೇಲೆ ನಿಂತು ಹೆಣ್ಣಿನ ಮುಸುಕನ್ನು ನಡುವೆ ಕಮಾನಿನಂತೆ ಹಿಡಿಯುತ್ತಾರೆ. ಉಳಿದವರೆಲ್ಲ ಕೈಕೈ ಹಿಡಿದು ಹಾವಾಗಿ ಅದರಡಿ ಓಡಬೇಕು, ಸುತ್ತಿ ಬಂದು ಮತ್ತೆ ಓಡಬೇಕು. ಹಾವಿನ ತಲೆ ಹೋದಲ್ಲಿಗೆ ಬಾಲವೂ ಹೋಗಬೇಕು. ವಾದ್ಯ ನಿಲ್ಲುವ ಮೊದಲು ಯಾರಾದರೂ ಕೈ ಬಿಟ್ಟರೆ ಸಂಸಾರ ಮುರಿಯುತ್ತದೆ ಎಂದು ನಂಬಿಕೆ. ನನ್ನ ಎರಡನೆಯ ಗಂಡ ಓಡಿಹೋದದ್ದಕ್ಕೆ ಇಂದಿಗೂ ನಮ್ಮ ದೊಡ್ಡತ್ತೆಯ ಬೆವರುಗೈಯನ್ನೇ ದೂರುತ್ತೇವೆ.

ಅಂದು ಹಾವಿನ ತಲೆ ಕಟುಕರ ದೊನ್ ಚೇಮ. ಬಕನೋರಾ ಸಾರಾಯಿ ಗಂಟಲಮಟ್ಟ ಏರಿಸಿದ್ದ. ಬಾಲ ನಾನು. ತುತ್ತೂರಿ, ನಗಾರಿ ಶುರುವಾದವು. ಎರಡು ಸುತ್ತು ಸರಿಯಾಗಿಯೇ ಬಂತು. ಮೂರನೆಯ ಸುತ್ತಿನಲ್ಲಿ ದೊನ್ ಚೇಮ ಎಡಕ್ಕೆ ತಿರುಗಬೇಕಾದವನು ನೆಟ್ಟಗೆ ಓಡಿದ.

"ಚೇಮಣ್ಣ, ಗೇಟು, ಗೇಟು," ಎಂದು ಕೂಗಿದೆ.

"ತೆಗ್ದೇ ಇದೆಯಲ್ಲಮ್ಮ," ಎಂದ ಅವನು ತಿರುಗಿ ನೋಡದೆ.

ಕೈ ಬಿಡುವಂತಿಲ್ಲ. ನಾಬೊರನ ಅಜ್ಜಿ, ಪಾದ್ರಿ, ಪಾದ್ರಿಯ ಅಡುಗೆಯವಳು, ಇಡೀ ಸಾನ್ ಹಸಿಂತೊ ಗೇಟಿನಲ್ಲಿ ನುಗ್ಗಿ ಅಮೆರಿಕಕ್ಕೆ ಬಿತ್ತು. ಜೀಪಿಗೆ ಒಂದು ಸುತ್ತು ಹಾಕಿತು. ಬೊಹೊರ್ಕೆಸ್ ತಟ್ಟೆ ಹಿಡಿದುಕೊಂಡೇ ಕೆಳಗಿಳಿದ. "ಏ, ಏನಿದು, ಎಲ್ಲ ಹೋಗಿ ವಾಪಸ್," ಎಂದ. ಅವನ ಮಾತು ಮುಗಿಯುವಷ್ಟರಲ್ಲಿ ದೊನ್ ಚೇಮ ತಾನಾಗಿಯೇ ವಾಪಸು ಹೊರಟಿದ್ದ. ಜಾಲರಿಯ ಗುಂಟ ಬಳಸಿ ಗೇಟಿಗೆ ತಿರುಗಿದ. ಬಾಲವಾದ ನಾನು ಬೀಸಿ ಬಂದು ಅಕ್ಕನ ಮುಂದೆ ನಿಂತೆ. ನನ್ನ ಒಂದು ಕೈ ಖಾಲಿಯಿತ್ತು.

ಅಕ್ಕ ಎದ್ದು ನಿಂತಿದ್ದಳು. ಜೀಪು ನೋಡಿದಳು, ನನ್ನನ್ನು ನೋಡಿದಳು. ಹನ್ನೊಂದು ವರ್ಷದಲ್ಲಿ ಅವಳ ಮುಖ ಗೋಡೆ ಅಡ್ಡವಿಲ್ಲದೆ ಕಂಡದ್ದು ಅದೇ ಮೊದಲು. ಅವಳು ಚಪ್ಪಲಿ ಕಳಚಿ ನನ್ನ ಕೈ ಹಿಡಿದಳು.

"ಅಮ್ಮಾ, ನೀವು ನಿಲ್ಲಿ," ಎಂದು ಬೊಹೊರ್ಕೆಸ್ ಓಡಿಬಂದು ಅವಳ ಇನ್ನೊಂದು ಕೈ ಹಿಡಿದ. ಅಲ್ಲಿಗೆ ಅವನೇ ಹೊಸ ಬಾಲವಾದ.

"ಈಗ ಕೈ ಬಿಟ್ಟೀಯ ಮತ್ತೆ," ಎಂದು ಅಕ್ಕ ಓಡುತ್ತಲೇ ಗದರಿದಳು. "ನನ್ ಮಗಳ ಸಂಸಾರ ಮುರಿದ್ರೆ ನಿನ್ನ ಪಾಪ."

ಅವನಮ್ಮ ಅದನ್ನೆಲ್ಲ ಹೇಳಿಕೊಟ್ಟಿದ್ದಳೆಂದು ಕಾಣುತ್ತದೆ. ಕೈ ಬಿಡಲಿಲ್ಲ. ಬೂಟು, ಬಂದೂಕು, ಮಾಂಸದ ತಟ್ಟೆ ಸಮೇತ ಗೇಟು ದಾಟಿದ, ಮುಸುಕಿನಡಿ ನುಸುಳಿದ. ಅಕ್ಕ ಕುರ್ಚಿಗೆ ಡಿಕ್ಕಿ ಹೊಡೆದಳು, ಅರಾಸೆಲಿ ಅವಳ ಮೈಮೇಲೇ ಬಿದ್ದಳು. ವಾದ್ಯ ನಿಂತಿತು.

ಮರಳಿನ ಮೇಲೆ ಕೂತೇ ಅಕ್ಕ ಮಗಳ ತಲೆಯ ಮೇಲೆ ಕೈಯಿಟ್ಟಳು. ಪೂರ್ತಿ ಕೈ, ಐದೂ ಬೆರಳು. ಹರಸುವ ಮಾತು ಅರ್ಧಕ್ಕೇ ಮರೆತುಹೋಗಿ ನಗು ಬಂತು, ನಗುತ್ತಾ ಅತ್ತಳು. "ಎಷ್ಟು ದಪ್ಪ ಕೂದಲು ಕಣೇ ನಿಂದು, ಯಾವ ಎಣ್ಣೆ ಹಾಕ್ತಾಳೆ ಚಿಕ್ಕಮ್ಮ?" ಎಂದಳು. ನಾನು ಮುಖ ತಿರುಗಿಸಿಕೊಂಡೆ.

ತಿರುಗಿದರೆ ಬೊಹೊರ್ಕೆಸ್ ಮದುಮಕ್ಕಳ ಕೇಕಿನ ಪಕ್ಕ ಬೆವರುತ್ತ ನಿಂತಿದ್ದಾನೆ. ನನಗೆ ಸುಮ್ಮನಿರಲು ಬರುವುದಿಲ್ಲ.

"ಏನಪ್ಪಾ, ನಮ್ಮ ದೇಶಕ್ಕೆ ಬಂದಿದೀಯ. ಪಾಸ್ ಇದೆಯಾ?"

ಅವನು ಜೇಬು ಮುಟ್ಟಿಕೊಂಡ. "ಜೀಪಲ್ಲಿದೆ."

"ಹೊರಗಡೆಯಿಂದ, ಬಂದೂಕು ಹಿಡ್ಕೊಂಡು, ಗೇಟಲ್ಲಿ ನುಗ್ಗೋದು. ನಿಮ್ಮ ಕಡೆ ಇದಕ್ಕೆ ಏನಂತಾರೆ?"

ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಕಡೆಗೆ ಅವನೂ ತಡೆಯಲಾಗದೆ ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ನಾನಿಲ್ಲಿಗೆ ಬಂದಿಲ್ಲ, ಯಾರೂ ನನ್ನ ನೋಡಿಲ್ಲ. ಅವರನ್ನೂ ನಾನು ನೋಡಿಲ್ಲ. ಆದ್ರೆ ಬೇಗ ಹೇಳಿ, ಆ ತಾಯಿ ಯಾವ ಕಡೆಯವರು?" ಎಂದ.

ಎಲ್ಲರ ನಗು ನಿಂತಿತು. ಅರಾಸೆಲಿ ಅಮ್ಮನ ಗೌನಿನ ತೋಳು ಹಿಡಿದುಕೊಂಡಿದ್ದಳು. ನಾನು, ಉಳಿ ಅಕ್ಕಾ, ಎಂದು ಹೇಳಬೇಕೆಂದುಕೊಂಡೆ. ಹೇಳಿಯೂಬಿಟ್ಟೆ.

"ಆ ತಾಯಿಲ್ಲದ ಮಗೂನ ಪಕ್ಕದ ಮನೇಲಿ ಬಿಟ್ಟು ಬಂದಿದೀನಿ ಕಣೇ," ಎಂದಳು ಅಕ್ಕ. "ಸಂಜೆಗೆ ಬರ್ತೀನಿ ಅಂದಿದೀನಿ. ಇನ್ನೊಂದು ಮಗೂಗೂ ಹದಿನೈದು ದಿನ ಅನ್ನೋಕಾಗಲ್ಲ ನಂಗೆ."

ಅರಾಸೆಲಿ ಅಮ್ಮನ ತೋಳು ಬಿಟ್ಟಳು. ಆಮೇಲೆ ತಾನೇ ಮುಸುಕು ಸರಿಮಾಡಿಕೊಂಡು ಕುರ್ಚಿ ಹತ್ತಿದಳು. "ವಾದ್ಯದೋರು, ಇನ್ನೊಂದ್ಸಲ ಹಾವು," ಎಂದಳು.

ಹಾವು ಮತ್ತೆ ಹೊರಟಿತು. ದೊನ್ ಚೇಮ ಈ ಸಲ ದಾರಿ ತಪ್ಪಿ ಅಲ್ಲ, ಬೇಕೆಂದೇ ಗೇಟಿಗೆ ಓಡಿದ. ನಾನು, ಅಕ್ಕ, ಕೊನೆಯಲ್ಲಿ ಬೊಹೊರ್ಕೆಸ್. ಬಾಲ ಆಚೆ ಮುಟ್ಟಿದ ಕೂಡಲೇ ವಾದ್ಯ ನಿಲ್ಲಿಸಬೇಕೆಂದು ಮಾತಾಗಿತ್ತು. ದೊಡ್ಡ ತುತ್ತೂರಿಯ ಮುದುಕ ನಿಲ್ಲಿಸಲೇ ಇಲ್ಲ. ಅವನ ತಮ್ಮನೂ ಆಚೆಯೇ ಇದ್ದಾನೆ. ಒಳಗೆ, ಹೊರಗೆ, ಒಳಗೆ, ಹೊರಗೆ, ಊರು ಏದುಸಿರು ಬಿಡುವವರೆಗೂ ಅಕ್ಕ ನನ್ನ ಕೈ ಹಿಡಿದು ಎರಡು ದೇಶಗಳನ್ನು ತುಳಿದಳು. ಕಡೆಗೆ ಮುದುಕನಿಗೆ ಉಸಿರು ಸಾಲದೆ ತುತ್ತೂರಿ ನಿಂತಾಗ ಅವಳು ಆಚೆ, ನಾನು ಗೇಟಿನಲ್ಲಿ.

ಇನ್ನು ಕೈ ಬಿಡಬಹುದಿತ್ತು. ನಾವು ಬಿಡಲಿಲ್ಲ.

"ಮುಂದಿನ ಮಳೆಗಾಲಕ್ಕೆ ಅರಾಸೆಲಿಗೆ ಮಗು ಆದ್ರೆ," ಎಂದಳು ಅಕ್ಕ, "ನಾಮಕರಣದಲ್ಲೂ ಹಾವು ಕುಣೀಬಹುದಲ್ವಾ?"

"ನಾಮಕರಣಕ್ಕೆ ಯಾರೂ ಹಾವು ಕುಣಿಯಲ್ಲ," ಎಂದ ಬೊಹೊರ್ಕೆಸ್, ಬೂಟಿನ ಮರಳು ಕೊಡವುತ್ತ.

"ನಮ್ಮೂರಲ್ಲಿ ಕುಣೀತೀವಿ," ಎಂದೆ ನಾನು. "ಈ ವರ್ಷದಿಂದ."

ಅವನು ಮೋಡ ನೋಡಿದ, ಗೇಟು ನೋಡಿದ. ನಮ್ಮ ಕೈಗಳನ್ನು ನೋಡದೆ ಜೀಪಿನ ಕಡೆ ನಡೆದ. "ಹಾಗಾದ್ರೆ ಜುಲೈನಲ್ಲೇ ಇಟ್ಕೊಳ್ಳಿ," ಎಂದ. "ಅಕ್ಟೋಬರಿಗೆ ಗೇಟ್ ಮುಚ್ಚಿಬಿಡ್ತೀವಿ."