ಬ್ರೇಕಿಲ್ಲದ ಸೈಕಲ್ಲು

"ಹಿಡೀರಿ, ನಿಮ್ಮ ಕೆಲಸದ್ದ ಆಟ ಇದು" ಎಂದು ಕಪಿಲ ಆಟದ ರಿಮೋಟನ್ನು ಹನಮೇಶನ ಕೈಗೆ ತುರುಕಿದ.

ಕಪಿಲ ತರಿಸಿದ ಪಾವಭಾಜಿಯ ಪೊಟ್ಟಣ ಕೊಟ್ಟು ಹೊಸ್ತಿಲಿಂದಲೇ ತಿರುಗುವವನಿದ್ದ ಹನಮೇಶ. ಮಾಳಮಡ್ಡಿಯ ಏರು ತುಳಿದು ಬಂದ ಮೊಣಕಾಲು ಇನ್ನೂ ನೋಯುತ್ತಿತ್ತು. ಕಂಪನಿ ಕೊಟ್ಟ ಸೈಕಲ್ಲಿನ ಬ್ಯಾಟರಿ ಏರು ಬಂದಾಗಲೇ ಕೈಕೊಡುತ್ತದೆ. ಹೇಳಹೋದರೆ ಕಂಪನಿಯ ಸೂಪರ್‌ವೈಜರ್ ಉದಯಕುಮಾರ, ಕಾಲು ಅದಾವಲ್ಲಪಾ ಅನ್ನುತ್ತಾನೆ. ಅಷ್ಟರಲ್ಲಿ ಕಪಿಲನ ತಾಯಿ ಗೋದಾಬಾಯಿ ಅಡುಗೆಮನೆಯಿಂದಲೇ, ಬಿಸಿಲಾಗ ಬಂದವರು ಹಂಗ ಹೋಗಬಾರದು, ಚಹಾ ಇಟ್ಟೀನಿ ಎಂದು ಕೂಗಿದ್ದರು. ಒಲೆಯ ಮೇಲೆ ಚಹಾ ಕುದಿಯತೊಡಗಿದ ಮೇಲೆ ಬೇಡ ಎನ್ನುವ ಬಾಯಿ ಧಾರವಾಡ ಸೀಮೆಯಲ್ಲಿ ಯಾರಿಗೂ ಇಲ್ಲ. ಹನಮೇಶನಿಗೂ ಇರಲಿಲ್ಲ.

ಹೆದರಿಕೆ ಮಾತ್ರ ಇತ್ತು. ಇನ್ನೊಂದು ಆರ್ಡರು ಬಿಟ್ಟರೆ ಆ್ಯಪಿನಲ್ಲಿ ಐಡಿ ಬಂದ್ ಎಂದು ಉದಯಕುಮಾರ ಬೆಳಿಗ್ಗೆಯೇ ಫೋನಿನಲ್ಲಿ ಹೇಳಿದ್ದ. ಐಡಿ ಹೋದರೆ ಸೈಕಲ್ಲನ್ನೂ ಒಪ್ಪಿಸಿ ತನ್ನೂರು ಹೆಬ್ಬಳ್ಳಿಯ ದಾರಿ ಹಿಡಿಯಬೇಕು. ನಿನ್ನೆ ಆರ್ಡರು ಬಿಟ್ಟದ್ದು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಲು ನಿಂತದ್ದಕ್ಕೆ. ಯಾಕೆ ಬಿಟ್ಟೆ ಎಂದು ಆ್ಯಪು ಕೇಳುತ್ತದೆ, ಕಾರಣಗಳನ್ನೂ ಅದೇ ಕೊಡುತ್ತದೆ. ಅವುಗಳಲ್ಲಿ ಮೊಣಕಾಲು ಇಲ್ಲ. ಮೀಸೆ ನರೆತರೂ ಅದರ ಲೆಕ್ಕದಲ್ಲಿ ಅವನಿನ್ನೂ ಡೆಲಿವರಿ ಬಾಯ್.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಿಕ್ಕ ಹಳೆಯ ಆಟದ ಪೆಟ್ಟಿಗೆಯನ್ನು ಕಪಿಲ ರಿಪೇರಿ ಮಾಡಿಸಿ ಟೀವಿಗೆ ಜೋಡಿಸಿದ್ದ. ಚೌಕ ಚೌಕ ಬಣ್ಣದ ಪೋರನೊಬ್ಬ ಓಣಿಯುದ್ದಕ್ಕೂ ಸೈಕಲ್ ತುಳಿಯುತ್ತ, ಮನೆಮನೆಯ ಬಾಗಿಲಿಗೆ ಪೊಟ್ಟಣ ಎಸೆಯಬೇಕು. ಗುರಿ ತಪ್ಪಿದರೆ ಆ ಮನೆ ಕಪ್ಪಾಗುತ್ತದೆ.

ಮೊದಲ ಮನೆ ಬಂತು. ಹನಮೇಶನ ಬೆರಳು ಬ್ರೇಕು ಹುಡುಕಿತು. ಗೇಟಿನೆದುರು ಇಳಿದು, ಗಂಟೆ ಒತ್ತಿ, ಕೈಗೆ ಕೊಟ್ಟು ಗೊತ್ತಿದ್ದವನು ಅವನು. ತಿನ್ನುವುದನ್ನು ಎಸೆಯಲು ಮನಸ್ಸು ಬರಲಿಲ್ಲ. ಇದ್ದಬದ್ದ ಗುಂಡಿಗಳನ್ನೆಲ್ಲ ಒತ್ತಿದ. ಸೈಕಲ್ಲು ನಿಧಾನವಾಯಿತೇ ಹೊರತು ನಿಲ್ಲಲಿಲ್ಲ. ನಿಧಾನವಾದ ತಪ್ಪಿಗೆ ಹಿಂದಿನಿಂದ ನಾಯಿ ಬಂದು ಕೆಡವಿತು.

"ಇದ್ರಾಗ ನಿಂದ್ರಾಕ ಬರಂಗಿಲ್ಲೇನ್ರಿ?"

ಕಪಿಲ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿಂತ್ರ ಆಟ ಹೆಂಗಾಗ್ತದರೀ? ಇದಕ್ಕ ಬ್ರೇಕ ಇಟ್ಟಿಲ್ಲ."

"ಮತ್ತ, ಎಲ್ಲಾ ಮನೀಗೂ ಮುಟ್ಟಿಸಿದ್ರ?"

"ಮರುದಿನ ಇನ್ನೂ ಜೋರ ಓಡಸ್ತದ."

"ಹಂಗಾರ ಇದನ್ನ ಮಾಡಿದಾಂವ ನಮ್ಮ ಉದಯಕುಮಾರನ ಬೀಗ ಇರಬೇಕ್ ಬಿಡ್ರಿ" ಎಂದ ಹನಮೇಶ. ಈ ಸಲ ಕಪಿಲನ ನಗು ಅರ್ಧಕ್ಕೇ ನಿಂತಿತು.

ಗೋದಾಬಾಯಿ ಚಹಾದ ಕಪ್ಪನ್ನು ಬಸಿಯಲ್ಲಿಟ್ಟು ತಂದು ಕೈಗಿಟ್ಟರು. ಅದೇ ಹೊತ್ತಿಗೆ ಫೋನು ಹೊಡೆದುಕೊಳ್ಳತೊಡಗಿತು. ಲೈನ್ ಬಜಾರಿನಿಂದ ಎತ್ತಿ ಮತ್ತೆ ಇದೇ ಏರಿಗೆ ತರುವ ಆರ್ಡರು. ಫೋನಿನ ಪರದೆಯ ಮೇಲೆ ಹಸಿರು ವರ್ತುಲವೊಂದು ಸಣ್ಣದಾಗುತ್ತ ಹೋಗುತ್ತಿತ್ತು. ಅದು ಮುಗಿಯುವುದರೊಳಗೆ ಒಪ್ಪಿಗೆ ಒತ್ತಬೇಕು.

ಚಹಾ ಬಿಟ್ಟು ಹೋಗಿರೆಂದು ಕಪಿಲ ಅವಸರ ಮಾಡಿದ. ಗೋದಾಬಾಯಿ ಮಾತ್ರ ಎದುರಿಗೇ ನಿಂತಿದ್ದರು. "ಬಸಿಯೊಳಗ ಹಾಕ್ಕೋಪಾ, ಲಗೂ ಆರ್ತದ."

ಹನಮೇಶನ ಹೆಬ್ಬೆರಳು ಫೋನಿನವರೆಗೆ ಹೋಯಿತು. ಬಾಗಿಲಾಚೆ ಇಳಿಜಾರು, ಅದರ ತುದಿಯಲ್ಲಿ ಮತ್ತೆ ಏರು. ಅವನು ಫೋನನ್ನು ನೆಲದ ಮೇಲಿಟ್ಟು ನೋಯುವ ಕಾಲನ್ನು ಉದ್ದಕ್ಕೆ ಚಾಚಿದ.

"ಹೋಗೂದಿಲ್ಲೇನ್ರಿ?" ಕಪಿಲನ ದನಿ ಸಣ್ಣದಾಗಿತ್ತು.

"ಚಾ ಆರಲಿರಿ."

ವರ್ತುಲ ಕರಗಿ ಫೋನು ಕಪ್ಪಾಯಿತು. ಮತ್ತೆ ಬೆಳಗಿದಾಗ ಅದರ ಮೇಲೆ ಕೆಂಪು ಅಕ್ಷರಗಳಿದ್ದವು. ಅವನು ಓದಲಿಲ್ಲ.

ಟೀವಿಯಲ್ಲಿ ಬಿದ್ದಿದ್ದ ಪೋರ ತಾನಾಗಿಯೇ ಎದ್ದು ಸೈಕಲ್ ತುಳಿಯತೊಡಗಿದ. ರಿಮೋಟು ಚಾಪೆಯ ಮೇಲೆ ಬಿದ್ದಿತ್ತು.

"ಯಾರು ಆಡಸ್ಲಿಕ್ಕತ್ತಾರೋ ಅವನ್ನ?" ಗೋದಾಬಾಯಿ ಕೇಳಿದರು.

"ಯಾರೂ ಇಲ್ಲಮ್ಮಾ. ಬಿಟ್ರ ತಂತಾನ ಓಡತಿರ್ತದ."

ಹನಮೇಶ ಉಳಿದ ಚಹಾವನ್ನೂ ಬಸಿಗೆ ಸುರಿದುಕೊಂಡು, ಕೆನೆಯನ್ನು ಅಂಚಿಗೆ ಸರಿಸಿ, ಮೆಲ್ಲಗೆ ಊದಿದ.