ಎರಡು ರೆಕ್ಕೆಯ ತೂಕ

ಮೊಮ್ಮಗಳು ಕಾಂಚನಾ ಒಂದೇ ಮಾತು ಮೂರು ಸಲ ಹೇಳಿದಳು. ಅವಳು ಹಂಗ ಹೇಳುವ ಹುಡುಗಿ ಅಲ್ಲ. ನನಗೆ ಸಂಶಯ ಬಂದದ್ದು ಅಲ್ಲೇ.

ಅವಳು ದಿನಾ ರಬಕವಿಯಿಂದ ಬಸ್ಸು ಹಿಡಿದು ಜಮಖಂಡಿಗೆ ಡಿಪ್ಲೊಮಾ ಓದಲಿಕ್ಕೆ ಹೋಗುತ್ತಾಳೆ. ಕಂಪ್ಯೂಟರಿನಾಗ ವಿಮಾನ ಕಟ್ಟಿ ಹಾರಿಸುವ ಆಟ ಒಂದಿದೆಯಂತೆ, ಕಾಲೇಜಿನವರು ಅದರದ್ದೇ ಪಂದ್ಯ ಇಟ್ಟಿದ್ದರು. ಹೆಚ್ಚು ಭಾರ ಹೊತ್ತು ಏಳುವ ಎರಡು ವಿಮಾನದವರು ಬೆಳಗಾವಿಯ ದೊಡ್ಡ ಪಂದ್ಯಕ್ಕೆ ಹೋಗಬೇಕು. ಕಾಂಚನಾಳ ವಿಮಾನದ ರೆಕ್ಕೆ ಎಲ್ಲರಿಗಿಂತ ಗಿಡ್ಡ, ಹೊತ್ತ ಭಾರ ಎಲ್ಲರಿಗಿಂತ ಹೆಚ್ಚು. ಸೋಮವಾರದೊಳಗೆ ಕಾರಣ ಹೇಳು, ಇಲ್ಲದಿದ್ದರೆ ಹೆಸರು ತೆಗೆಯುತ್ತೇನೆ ಅಂತ ಅವರ ಸರ್ ಹೇಳಿದ್ದರು.

ರವಿವಾರ ಮುಂಜಾನೆ ಅವಳ ಕ್ಲಾಸಿನ ಶಶಿಕಾಂತ ಬನಹಟ್ಟಿಯಿಂದ ಬಂದ, ಹೆಗಲಿಗೆ ಕಂಪ್ಯೂಟರ್ ಚೀಲ ಹಾಕಿಕೊಂಡು. ಚಹಾ ಆರುತ್ತಿತ್ತು, ಅವನ ಕಣ್ಣು ಕಾಂಚನಾಳ ಕಂಪ್ಯೂಟರಿನಾಗ ಕಾಣುತ್ತಿದ್ದ ವಿಮಾನದ ಮೇಲೆ. ಇಷ್ಟು ಗಿಡ್ಡ ರೆಕ್ಕೆ ಅಷ್ಟು ಭಾರ ಹೆಂಗ ಎತ್ತುತ್ತದೆ ಅಂತ ಕೇಳಿದ. ನಾ ಏನೂ ಮಾಡಿಲ್ಲ ಅಂದಳು. ಮತ್ತೆ ಅಂದಳು. ನನ್ನ ಕಡೆ ತಿರುಗಿ ಇನ್ನೊಮ್ಮೆ ಅಂದಳು.

ನಾನು ನೇಕಾರರ ಸೊಸೈಟಿಯಲ್ಲಿ ಹನ್ನೆರಡು ವರ್ಷ, ನೇಕಾರರು ನೇಯ್ದು ತಂದ ಸೀರೆ ತೆಗೆದುಕೊಳ್ಳುವ ಕೆಲಸ ಮಾಡಿದವ. ಗಳಿಗೆ, ಅಂದರೆ ಮಡಿಕೆ, ಬಿಚ್ಚಿ ನೋಡುವ ಮೊದಲು ಸೀರೆ ತಕ್ಕಡಿಗೆ ಇಡುತ್ತಿದ್ದೆ. ಗಿರಮಲ್ಲಪ್ಪ ಅನ್ನುವವನ ಸೀರೆ ನೋಡಲಿಕ್ಕೆ ಬಲು ಛಲೋ, ತೂಗಿದರೆ ನಾವು ಕೊಟ್ಟ ನೂಲಿಗಿಂತ ಹೆಚ್ಚು. ಒಂದಿಷ್ಟು ನೂಲು ತಾನೇ ಉಳಿಸಿಕೊಂಡು, ತೂಕ ಸರಿದೂಗಲಿ ಅಂತ ಗಂಜಿ ತುಂಬಿದ್ದ, ಗಂಜಿಯ ಅಂದಾಜು ತಪ್ಪಿತ್ತು. ಹಂಗಾಗಿ ಕಣ್ಣಿಗೆ ಕಾಣುವುದನ್ನು ನಾನು ಈಗಲೂ ಕಟ್ಟಕಡೆಗೆ ನೋಡುತ್ತೇನೆ, ಮೊದಲು ತೂಕ.

"ಒಂದು ರೆಕ್ಕಿ ಎಷ್ಟು ತೂಕ, ಯವ್ವಾ?"

"ನಲವತ್ತು ಕೇಜಿ."

"ಎಲ್ಲಾ ರೆಕ್ಕಿ ಕೂಡಿ?"

ಶಶಿಕಾಂತ ಬಗ್ಗಿ ಓದಿದ. ಮುನ್ನೂರ ಇಪ್ಪತ್ತು.

"ಎರಡು ಕಾಣತಾವ. ಉಳಿದ ಆರು ಎಲ್ಲಿ ಅದಾವ?"

"ಒಳಗ ಅದಾವ, ಮುತ್ಯಾ. ಒಂದರಾಗ ಒಂದು."

ರೆಕ್ಕೆ ಬುಡದಲ್ಲಿ ಮುರಿಯುತ್ತಿತ್ತಂತೆ. ಸೀರೆಯ ಅಂಚು ಹರಿಯಬಾರದಂತ ನಾವು ಜೋಡಿ ಎಳೆ ಹಾಕುತ್ತೇವಲ್ಲ, ಸಣ್ಣಾಕಿದ್ದಾಗ ನಾನೇ ತೋರಿಸಿದ್ದೆ. ಹಂಗೇ ಅದೇ ಜಾಗದಲ್ಲಿ ಇನ್ನೊಂದು ಕೂಡಿಸಿದಳು, ಮತ್ತೊಂದು ಕೂಡಿಸಿದಳು. ಖರೆ ಗಾಳಿ ಆದರೆ ಹೊರಗಿನ ರೆಕ್ಕೆಗೆ ಮಾತ್ರ ಹತ್ತುತ್ತದೆ, ಒಳಗಿನವು ಬರೇ ಭಾರ ಅಂತ ಶಶಿಕಾಂತ ನನಗೆ ಬಿಡಿಸಿ ಹೇಳಿದ. ಆಟಕ್ಕೆ ಅದು ತಿಳಿಯುವುದಿಲ್ಲ. ಎಂಟಕ್ಕೂ ಬೇರೆ ಬೇರೆ ಗಾಳಿ ಬಡಿದಂತೆ ಎಣಿಸಿ, ಎಂಟು ರೆಕ್ಕೆಯ ಎತ್ತುವ ಬಲ ಕೊಟ್ಟುಬಿಡುತ್ತದೆ.

"ಇದು ನಿನಗ ಗೊತ್ತಿತ್ತೇನು?" ಅಂದೆ.

"ಮೊದಲ ಗೊತ್ತಿರಲಿಲ್ಲ," ಅಂದಳು, "ಪಂದ್ಯದ ದಿನ ಗೊತ್ತಿತ್ತು."

ಶಶಿಕಾಂತ ತಣ್ಣಗಾದ ಚಹಾ ಒಂದೇ ಗುಟುಕಿಗೆ ಕುಡಿದ. ಸರ್‌ಗೆ ತಾನು ಹೇಳುವುದಿಲ್ಲ, ಆಕೆಯೇ ಸುಮ್ಮನೆ ಹೆಸರು ವಾಪಸ್ ತೆಗೆದುಕೊಂಡರೆ ಆತು ಅಂದ. ಇಷ್ಟು ದೊಡ್ಡ ಮನಸ್ಸು ನನಗೆ ಹಿಡಿಸಲಿಲ್ಲ.

"ಇಕಿ ಹೆಸರು ಹ್ವಾದರ ಯಾರದ್ದು ಬರತೈತೋ, ತಮ್ಮಾ?"

"ನಂದರೀ. ನಾ ಮೂರನೇದವ."

"ಹಂಗಾರ ನಿಂದೂ ತಗಿ. ತೂಗೂಣು."

ಅದರಾಗೇನಿಲ್ಲರೀ ಅಂದ. ಬ್ಯಾಟರಿ ಇಲ್ಲ ಅಂದ. ಬಾಜೂಕ ಪ್ಲಗ್ ಐತಿ ಅಂತ ತೋರಿಸಿದೆ.

ಅಷ್ಟರಲ್ಲಿ ಕಾಂಚನಾ ಒಳಗಿನ ಆರು ರೆಕ್ಕೆ ತೆಗೆದು, ಅದೇ ಭಾರ ಇಟ್ಟು ವಿಮಾನ ಬಿಟ್ಟಳು. ಅದು ಓಡಿತು, ಓಡಿತು, ದಾರಿ ಮುಗಿದರೂ ನೆಲ ಬಿಡಲಿಲ್ಲ. ಅವಳು ಫೋನ್ ತೆಗೆದುಕೊಂಡು ಸರ್‌ಗೆ ಬರೆದು, ಕಳಿಸುವ ಮೊದಲು ನನಗೆ ಓದಿ ಹೇಳಿದಳು:

"ಸರ್, ನನ್ನ ವಿಮಾನಕ್ಕೆ ಎಂಟು ರೆಕ್ಕೆ ಇದ್ದವು. ನನ್ನ ಹೆಸರು ತೆಗೆಯಿರಿ. ನಾಳೆ ಎಲ್ಲರ ರೆಕ್ಕೆ ತೂಕ ಮಾಡಿರಿ."

ಕಳಿಸಿದಳು. ಶಶಿಕಾಂತ ಚೀಲದ ಜಿಪ್ಪಿನ ಮೇಲಿಟ್ಟ ಕೈ ತೆಗೆಯಲಿಲ್ಲ, ಜಿಪ್ಪನ್ನೂ ತೆಗೆಯಲಿಲ್ಲ. ಬನಹಟ್ಟಿಯಲ್ಲಿ ಅರ್ಜೆಂಟ್ ಕೆಲಸ ಐತಿ ಅಂತ ಎದ್ದ.